ಅತ್ತೆಯ ಬಾಯಲ್ಲಿ ಜ್ವರದ ಕಡ್ಡಿ

ಗೋಕಾಕದ ಒಬ್ಬ ಡಾಕ್ಟರರ ಕಡೆ ನಾನು ಕಂಪೌಂಡರ್ ಆಗಿದ್ದ ಕಾಲ. ಆಗೆಲ್ಲ ಸೊಸೆಗೆ ಬೇನೆ ಬಂದರೆ ಅದನ್ನು ಹೇಳುವ ಹಕ್ಕು ಅತ್ತೆಯದು. ಸೊಸೆ ಸೆರಗು ಎಳೆದುಕೊಂಡು ಸುಮ್ಮನೆ ಕೂಡಬೇಕು.

ಒಂದು ದಿನ ಕಲ್ಲೋಳಿಯಿಂದ ಚಕ್ಕಡಿಯಲ್ಲಿ ಅತ್ತೆ-ಸೊಸೆ ಬಂದರು. ಸೊಸೆಗೆ ನಿಲ್ಲಲೂ ತ್ರಾಣವಿರಲಿಲ್ಲ.

"ಎಲ್ಲಿ ನೋಯತೈತಿ, ತಂಗಿ?" ಎಂದು ಡಾಕ್ಟರರು ಕೇಳಿದರು.

"ಹೊಟ್ಟಿರಿ," ಅಂದಳು ಅತ್ತೆ.

"ಊಟ ಸೇರತೈತೇನು?"

"ಎರಡು ರೊಟ್ಟಿ ತಿಂತಾಳ್ರಿ." ಅದೂ ಅತ್ತೆಯೇ.

"ನಾಲಗಿ ತೋರಸು" ಅಂದಾಗ ಮುದುಕಿ ತನ್ನದನ್ನೇ ಚಾಚಿದಳು. ಡಾಕ್ಟರರು ಆ ತೆರೆದ ಬಾಯೊಳಗೆ ಜ್ವರ ನೋಡುವ ಗಾಜಿನ ಕಡ್ಡಿ ಇಟ್ಟುಬಿಟ್ಟರು.

"ತುಟಿ ಮುಚ್ಚರಿ, ಅವ್ವಾರ. ಮಾತಾಡಿದ್ರ ಕಡ್ಡಿ ಒಡೆದು ಪಾದರಸ ಹೊಟ್ಟಿಗೆ ಹೋಗತೈತಿ."

ಡಾಕ್ಟರರು ಸೊಸೆಯ ಕಡೆ ತಿರುಗಿದರು. ಸೊಸೆ ಸೆರಗಿನೊಳಗಿಂದಲೇ ಮೆಲ್ಲಗೆ ಅಂದಳು: "ಅತ್ತಿ ದಿನಾ ಮುಂಜಾನಿ ಹೊಟ್ಟಿ ತೊಳೀಲಂತ ಔಡಲೆಣ್ಣಿ ಕುಡಸ್ತಾರ್ರಿ. ತಿಂದದ್ದೇನೂ ಹೊಟ್ಟ್ಯಾಗ ನಿಲ್ಲವಲ್ದು."

ಮುದುಕಿಯ ಕಣ್ಣು ದೊಡ್ಡವಾದವು, ಕೈಗಳು ಗಾಳಿಯಲ್ಲಿ ಜಗಳಾಡಿದವು, ಬಾಯಿ ಮಾತ್ರ ಮುಚ್ಚಿಯೇ ಇತ್ತು. ಡಾಕ್ಟರರು ಎಣ್ಣೆ ಬಿಡಿಸಿ, ಮಜ್ಜಿಗೆ-ಅನ್ನ ಉಣ್ಣಲು ಹೇಳಿ ಕಳಿಸಿದರು. ಸಿಟ್ಟಿಗೆದ್ದ ಮುದುಕಿ ಇನ್ನು ನಮ್ಮ ಹೊಸ್ತಿಲು ತುಳಿಯಲಿಕ್ಕಿಲ್ಲ ಅಂದುಕೊಂಡೆ.

ಮುಂದಿನ ಸಂತೆಯ ದಿನ ಒಬ್ಬಳೇ ಬಂದಳು. ಸೊಸೆ ಆರಾಮ ಆಗಿ ಹೊಲಕ್ಕೆ ಹೊಂಟಾಳ ಅಂದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು.

"ಈಗ ಮಗಗ ಕೆಮ್ಮು ಹತ್ತೇತ್ರಿ. ಅಂವಾ ಮನ್ಯಾಗ ಅದಾನ. ಕಡ್ಡಿ ನನ್ನ ಬಾಯಾಗ ಇಡ್ರಿ."

"ಕೆಮ್ಮು ಅವಗಲ್ಲೇನು?" ಅಂದೆ.

"ಹೊಟ್ಟಿನೋವು ಸೊಸಿಗಿತ್ತು. ಕಡ್ಡಿ ನನಗ ಇಟ್ಟ ಮ್ಯಾಲ ಹೋಗಲಿಲ್ಲೇನು?"

ಡಾಕ್ಟರರು ಕಡ್ಡಿ ತೊಳೆದು ಅವಳ ಬಾಯಿಗಿಟ್ಟರು, ನಾನು ಮಗನ ಕೆಮ್ಮಿನ ಔಷಧ ಬಾಟಲಿಗೆ ತುಂಬಿದೆ.