ಯುದ್ಧದ ವಾರದಲ್ಲಿ ಅಪ್ಪನ ನಗು

ಸ್ಟ್ರೋಕ್ ಆದಮೇಲೆ ಅಪ್ಪನಿಗೆ ಮಾತು ಹೋಯಿತು. ಉಳಿದದ್ದು ನಗು ಮಾತ್ರ, ಅದೂ ತಾನಾಗಿ ಬರುತ್ತಿರಲಿಲ್ಲ. ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಬೆಳಗಿನ ನಗೆಕೂಟ ಸೇರುತ್ತದೆ. ಅಲ್ಲಿ ಎಲ್ಲರೂ ಎರಡೂ ಕೈ ಮೇಲೆತ್ತಿ ಜೋರಾಗಿ ನಕ್ಕಾಗ ಅಪ್ಪನ ಗಂಟಲಿನಿಂದಲೂ ದಪ್ಪ ದನಿಯೊಂದು ಹೊರಡುತ್ತಿತ್ತು. ‘ಒಂದು ದಿನವೂ ತಪ್ಪಿಸಬೇಡಿ. ಇದೂ ನಿಂತುಹೋದ್ರೆ ಮಾತು ವಾಪಸ್ ಬರೋದು ಕಷ್ಟ’ ಎಂದು ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ ಹೇಳಿದ್ದರು. ಕಾಲೇಜಿಗೆ ಪಾಠ ಮಾಡಲು ಹೊರಡುವ ಮೊದಲು ನಾನೇ ಅಪ್ಪನ ಕೈಹಿಡಿದು ಕರೆದೊಯ್ಯುತ್ತಿದ್ದೆ.

ಗಡಿಯಲ್ಲಿ ಯುದ್ಧ ಶುರುವಾದ ವಾರ. ಆಚೆಯ ಯಾವುದೋ ಊರು ಪೂರ್ತಿ ಸುಟ್ಟುಹೋಯಿತೆಂದು ಯಾರೋ ನಗೆಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಉಳಿದವರು ಲಾಡುವಿನ ಚಿತ್ರ ಹಾಕಿದರು. ನಾನೂ ಏನೋ ಬರೆದೆ. ‘ಅಲ್ಲೂ ಮಕ್ಕಳಿರುತ್ತಾರಲ್ಲ, ಇದಕ್ಕೆ ಲಾಡು ಯಾಕೆ’ ಎಂದಷ್ಟೇ ಬರೆದೆನೆಂದು ನನ್ನ ನೆನಪು. ‘ನಾಚಿಕೆ ಆಗಲ್ವಾ ಅಂತಾನೂ ಇತ್ತು ಕಣ್ರೀ’ ಅನ್ನುತ್ತಾಳೆ ಹೆಂಡತಿ. ಬೈಗುಳ ಶುರುವಾದಾಗ ಹೆದರಿ ಅಳಿಸಿಬಿಟ್ಟೆ. ಈಗ ನೋಡೋಣವೆಂದರೆ ಏನೂ ಇಲ್ಲ.

ಮರುದಿನ ಬೆಳಿಗ್ಗೆ ನಗೆಕೂಟ ನಡೆಸುವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ‘ಇವತ್ತು ನಗು ಬೇಡ, ಸೈನಿಕರಿಗೋಸ್ಕರ ಘೋಷಣೆ ಅಷ್ಟೇ’ ಎಂದು ‘ಭಾರತ್ ಮಾತಾ ಕೀ’ ಕೂಗಿದರು. ಎಲ್ಲರ ಕೈ ಮೇಲೆ ಹೋಯಿತು. ಅಪ್ಪನೂ ಎರಡೂ ಕೈ ಎತ್ತಿದ. ಎತ್ತಿ ನಕ್ಕ. ಎರಡನೇ ಘೋಷಣೆಗೆ ಇನ್ನೂ ಜೋರಾಗಿ ನಕ್ಕ.

‘ಏನ್ ಮೇಷ್ಟ್ರೇ, ನಿನ್ನೆ ನೀವು, ಇವತ್ತು ನಿಮ್ ತಂದೇನಾ? ಹೇಳಿಕೊಟ್ಟು ಕರ್ಕೊಂಡ್ ಬಂದ್ರಾ?’ ಎಂದರು ಮ್ಯಾನೇಜರು.

‘ಸಾರ್, ಕೈ ಎತ್ತಿದ್ರೆ ನಗಬೇಕು ಅಂತ ಅವರಿಗೆ ಕಲಿಸಿದ್ದು ನೀವೇ.’

‘ನಮಗೇ ಪಾಠ!’ ಎಂದು ಹಿಂದಿನಿಂದ ಯಾರೋ ಅಂದರು.

ದಿನಾ ಅಪ್ಪನ ಪಕ್ಕದಲ್ಲೇ ನಿಲ್ಲುವ ಆಂಟಿಯೊಬ್ಬರು ನನ್ನ ಹತ್ತಿರ ಬಂದರು. ‘ನನ್ನ ಅಳಿಯ ಗಡೀಲಿದಾನೆ ಕಣಪ್ಪ. ಫೋನೇ ಇಲ್ಲ. ನಿಮ್ಮಪ್ಪ ನಗ್ತಿದಾರೆ.’

‘ತಂದೆಯವರು ಬರ್ಲಿ, ಬೇಡ ಅನ್ನಲ್ಲ. ನಗಬಾರದು ಅಷ್ಟೇ’ ಎಂದರು ಮ್ಯಾನೇಜರು. ನಗೆಕೂಟದಲ್ಲಿ ನಿಂತು ಆ ಮಾತು ಹೇಳಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮತ್ತೆ ಘೋಷಣೆ, ಮತ್ತೆ ಅಪ್ಪನ ಕೈ ಮೇಲೆ. ನಾನು ಅವನ ಮಣಿಕಟ್ಟುಗಳನ್ನು ಹಿಡಿದು ಕೆಳಗಿಳಿಸಿದೆ. ‘ನಗಬೇಡಪ್ಪಾ, ಸಾಕು.’ ಮೆಲ್ಲಗೆ ಹಿಡಿದೆನೋ, ಒತ್ತಿ ಹಿಡಿದೆನೋ, ನನಗೇ ಖಾತ್ರಿಯಿಲ್ಲ. ಅರ್ಧ ಬಂದಿದ್ದ ದನಿ ಮಾತ್ರ ಅಲ್ಲೇ ನಿಂತಿತು.

ಅದು ಬರೀ ಅಭ್ಯಾಸದ ನಗು ಎಂದು ಅವತ್ತು ಎಲ್ಲರಿಗೂ ಹೇಳಿದೆ. ಈಗ ಅನುಮಾನ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಮುಷ್ಕರದಲ್ಲಿ ಗೇಟಿನೆದುರು ಗಂಟಲು ಹರಿಯುವಂತೆ ಘೋಷಣೆ ಕೂಗಿದ ಮನುಷ್ಯ ಅವನು. ಘೋಷಣೆ ಯಾವುದು, ನಗು ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲವೇ? ಕೇಳಿದರೆ ನನ್ನನ್ನೇ ನೋಡುತ್ತಾನೆ. ಆ ನೋಟಕ್ಕೂ ನನಗೆ ಬೇಕಾದ ಅರ್ಥವನ್ನೇ ಹಚ್ಚುತ್ತಿದ್ದೇನೋ ಏನೋ.

ಯುದ್ಧ ನಿಂತಿತು. ಅಳಿಯ ಫೋನ್ ಮಾಡಿದನಂತೆ. ಆಂಟಿ ತಾವೇ ಮನೆಗೆ ಬಂದು, ‘ಮನಸ್ಸಿಗೆ ಹಚ್ಕೋಬೇಡ, ಕರ್ಕೊಂಡ್ ಬಾಪ್ಪಾ’ ಎಂದರು. ಪಾರ್ಕಿನಲ್ಲಿ ಮತ್ತೆ ಎಲ್ಲರೂ ನಗುತ್ತಿದ್ದಾರೆ. ಅಪ್ಪ ಅವರ ನಡುವೆ ಬಾಯಿ ಮುಚ್ಚಿ ನಿಲ್ಲುತ್ತಾನೆ. ಕೈ ಎತ್ತುವುದಿಲ್ಲ. ಡಾಕ್ಟರಮ್ಮ ಗಂಟಲು ಮುಟ್ಟಿ ನೋಡಿ, ‘ಮನೇಲಾದ್ರೂ ಪ್ರಯತ್ನ ಮಾಡಿ’ ಎಂದಿದ್ದಾರೆ.

ಮಾಡುತ್ತಿದ್ದೇನೆ. ಅಪ್ಪನ ಎದುರು ನಿಂತು, ಎರಡೂ ಕೈ ಮೇಲೆತ್ತಿ, ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿ ನಗುತ್ತೇನೆ. ಅಪ್ಪ ಸ್ವಲ್ಪ ಹೊತ್ತು ನೋಡುತ್ತಾನೆ. ಆಮೇಲೆ ಕಷ್ಟಪಟ್ಟು ಕುರ್ಚಿಯಿಂದೆದ್ದು, ನನ್ನ ಮಣಿಕಟ್ಟುಗಳನ್ನು ಹಿಡಿದು ಕೆಳಗಿಳಿಸುತ್ತಾನೆ.