ಕ್ಯಾಜುವಲ್ ವರ

ಕ್ಯಾಜುವಲ್ ಎಂಬ ಪದದ ಅರ್ಥ ಗೊತ್ತಿದೆ ಎಂದುಕೊಂಡೇ ಕುಷ್ಟಗಿಯ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದೆ. ಈಗ ನೀವು ಕೇಳಿದರೆ, ಖರೇನೇ ಗೊತ್ತಿಲ್ಲ. ಕ್ಯಾಜುವಲ್ ಲೀವ್ ಬೇಕೆಂದರೆ ಸಾಹೇಬರ ಮುಂದೆ ಕೈಕಟ್ಟಿ ನಿಂತು ಕಾರಣ ಒಪ್ಪಿಸಬೇಕು. ಗಂಗಾವತಿಯ ಅಂಗಡಿಯಲ್ಲಿ ಕ್ಯಾಜುವಲ್ ಅಂಗಿ ಕೇಳಿದರೆ, ಮುದ್ದೆಯಾದದ್ದನ್ನು ತೋರಿಸಿ ಇಸ್ತ್ರಿಯದಕ್ಕಿಂತ ಹೆಚ್ಚು ರೇಟು ಹೇಳುತ್ತಾರೆ. ಇನ್ನು ಕ್ಯಾಜುವಲ್ ನೌಕರ ಎಂದರೆ ನನ್ನ ಹೆಂಡತಿ ಶಾಂತಾಳ ತಮ್ಮ. ಎಲ್ಲರಿಗಿಂತ ಮೊದಲು ಬಂದು ಕಚೇರಿಯ ಬಾಗಿಲು ತೆಗೆಯುತ್ತಿದ್ದ. ಕೊನೆಗೂ ಕಾಯಂ ಆಗಲಿಲ್ಲ. ಇದರಲ್ಲಿ ಆರಾಮ ಎಲ್ಲಿದೆಯೋ ದೇವರೇ ಬಲ್ಲ.

ಇಂಥ ಮನೆಗೆ, ಮಗಳು ಸುಮಾಳಿಗೆ ಸಂಬಂಧ ಹೇಳಲು ನನ್ನ ಗೆಳೆಯ ಬಸವರಾಜ ಬಂದ. ಹುಡುಗ ಯಲಬುರ್ಗಾದಲ್ಲಿ ಸರ್ಕಾರಿ ಗುಮಾಸ್ತ. ಫೋಟೋ ಇಸಿದುಕೊಂಡ ಸುಮಾ ಮರಳಿ ಕೊಡಲೇ ಇಲ್ಲ. ಮನಸ್ಸಿಗೆ ಬಂದಿದ್ದಾನೆ ಎಂದು ನಾನು ಖುಷಿಪಟ್ಟೆ.

"ಹುಡುಗ ಹೆಂಗದಾನ?" ಎಂದಳು ಶಾಂತಾ.

"ಭಾಳ ಕ್ಯಾಜುವಲ್ ಅದಾನ್ರಿ ವೈನಿ!" ಎಂದ ಬಸವರಾಜ.

ಶಾಂತಾ ಕೊಡಲಿದ್ದ ಚಹಾದ ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡಳು. "ಕಾಯಂ ಆಗೋತನಕ ಹುಡುಗಿ ಕೊಡಂಗಿಲ್ಲ. ನನ್ನ ತಮ್ಮನ್ನ ನೋಡಿದ್ದು ಸಾಕು."

ನೌಕರಿ ಕಾಯಂ, ಸ್ವಭಾವ ಮಾತ್ರ ಕ್ಯಾಜುವಲ್ ಎಂದು ನಾನು ತಿಳಿಹೇಳಿದೆ.

"ಹಂಗಂದ್ರ?"

ಕನ್ನಡ ಹುಡುಕಿದೆ ನೋಡಿ. ಸಲೀಸು ಎಂದೆ, ರಸ್ತೆಗೆ ಹೇಳಿದಂತಾಯಿತು. ಸಡಿಲ ಎಂದು ನಾಲಿಗೆ ಕಚ್ಚಿಕೊಂಡೆ. ಗಡಿಬಿಡಿಯಲ್ಲಿ ಬೇಫಿಕಿರ್ ಎಂದೆ.

"ಅಂದ್ರ ಉಡಾಳ!" ಎಂದಳು ಶಾಂತಾ.

ಒಳಗೆ ಸುಮಾಳ ಮುಖ ಬಾಡಿತು. ಒಂದು ಶಬ್ದಕ್ಕೆ ಕನ್ನಡ ಸಿಗದೆ ಮಗಳ ಸಂಬಂಧ ಮುರಿಯುತ್ತಿದೆಯಲ್ಲ! ಒಮ್ಮೆ ಬಂದು ಹೋಗಲಿ ಎಂದು ಗೋಗರೆದು ಒಪ್ಪಿಸಿದೆ.

ಹುಡುಗ ಬರುವ ದಿನ ನಾನು ಕ್ಯಾಜುವಲ್ ಲೀವ್ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಬೆವರುತ್ತ ಕೂತೆ. ಅವನಿಗೆಂದು ಇಟ್ಟ ಕುರ್ಚಿಯಲ್ಲಿ ಅವನು ಹೆಚ್ಚು ಹೊತ್ತು ಕೂರಲಿಲ್ಲ. ವಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿಯ ತಾಟು ಹಿಡಿದು ಅಡುಗೆಮನೆಯ ಬಾಗಿಲಿಗೇ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ.

"ಮಿರ್ಚಿ ಭಾಳ ಛಲೋ ಆಗ್ಯಾವ್ರಿ ಅತ್ತಿ, ಇನ್ನೊಂದ ಹಾಕ್ರಿ."

ಅತ್ತಿ! ಇನ್ನೂ ಯಾರೂ ಹೂಂ ಎಂದಿಲ್ಲ! ನಾನು ಗಾಬರಿಯಾಗಿ ಶಾಂತಾಳ ಕಡೆ ನೋಡಿದೆ. ಅವಳು ತಾಟಿನ ತುಂಬ ಮಿರ್ಚಿ ಸುರಿದು, ಸೆರಗು ಬಾಯಿಗಿಟ್ಟುಕೊಂಡು ಹೊರಬಂದಳು.

"ಎಲ್ಲಿ ಕ್ಯಾಜುವಲ್ರಿ? ಇವ ಬಂದ ದಿನಾನ ಕಾಯಂ ಆಗ್ಯಾನ!"

ಒಳಗಿನಿಂದ ಸುಮಾ ಜೋರಾಗಿ ನಕ್ಕಳು. ನಾನು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕುರ್ಚಿ ಬಿಟ್ಟು, ಹುಡುಗನ ಪಕ್ಕ ನೆಲದ ಮೇಲೆ ಕೂತೆ. ಇದಕ್ಕೆ ಕ್ಯಾಜುವಲ್ ಎನ್ನಬಹುದೇ? ಶಾಂತಾಳನ್ನೇ ಕೇಳಬೇಕು.