ಮುಚ್ಚಿದ ಬಾಗಿಲಿನ ಹೊಸ್ತಿಲು

ದೆವ್ವ ಭೂತದ ಮಾತು ಶುರುವಾಯಿತೆಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುವವಳು ನಾನು. ಚಿಕ್ಕವಳಿದ್ದಾಗ ನಮ್ಮ ಧಾರವಾಡದ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಸೋದರತ್ತೆ ಬಾವಿಕಟ್ಟೆಯ ಹೆಂಗಸಿನ ಕಥೆ ತೆಗೆಯುತ್ತಿದ್ದಳು. ಉಳಿದ ಮಕ್ಕಳು ಅವಳ ಸೆರಗು ಹಿಡಿದು ಮುದುರಿ ಕೂತರೆ, ನಾನು "ಅತ್ಯಾ, ಆಕಿಗೆ ನೀರು ಸೇದಲಿಕ್ಕೆ ಹಗ್ಗಾ ಯಾರು ಕೊಟ್ಟಿದ್ರು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಈಗಲೂ ಅಂಥ ಕಥೆಗಳ ಮೇಲೆ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ವಿಜಯವಾಡದ ಬಾಡಿಗೆ ಮನೆಯೊಂದರಲ್ಲಿ, ಹಾಡುಹಗಲಲ್ಲಿ, ನಾನು ಒಂದು ಸಂಗತಿ ಕಂಡೆ. ಕಂಡದ್ದನ್ನು ಕಂಡಿಲ್ಲ ಎನ್ನುವ ಸ್ವಭಾವವೂ ನನ್ನದಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕದ ಕೊನೆಯ ಮಾತು. ನನ್ನ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ವರ್ಗವಾಯಿತು. "ಪರದೇಶಕ್ಕ ಹೊಂಟಂಗಾತಲ್ಲವಾ, ಮಾತಾಡಲಿಕ್ಕೆ ಒಂದು ನರಪಿಳ್ಳಿ ಇಲ್ಲ ಅಲ್ಲೆ" ಎಂದು ನನ್ನ ತಾಯಿ ಕಣ್ಣು ಒರೆಸಿಕೊಂಡಳು. ನಾನು ನಕ್ಕೆ. ರಾತ್ರಿ ರೈಲು ಹತ್ತಿದರೆ ಬೆಳಗಾದ ಮೇಲೆ ಇಳಿಯುವ ಊರು ಅದೆಂಥ ಪರದೇಶ? ಮಗ ಪ್ರಶಾಂತ ಆರನೇ ಇಯತ್ತೆಗೆ ಹೋಗಬೇಕಿತ್ತು, ಮಗಳು ನಂದಿನಿ ಒಂದನೆಯದಕ್ಕೆ. ಪಾತ್ರೆ, ಪುಸ್ತಕ, ದೇವರ ಪೆಟ್ಟಿಗೆ ಎಲ್ಲ ಕಟ್ಟಿಕೊಂಡು ಹೊರಟೆವು.

ನಗು ಅಲ್ಲಿಗೇ ಮುಗಿಯಿತು. ಬ್ಯಾಂಕಿನವರು ಕೊಟ್ಟ ಗೆಸ್ಟ್‌ಹೌಸಿನ ಒಂದೇ ಕೋಣೆಯಲ್ಲಿ ಇದ್ದುಕೊಂಡು, ಜೂನ್ ತಿಂಗಳ ಆ ಬೆಂಕಿಯಂಥ ಬಿಸಿಲಿನಲ್ಲಿ ಮನೆ ಮತ್ತು ಶಾಲೆ ಹುಡುಕಿದೆವು. ಶಾಲೆಯವರು ಮನೆ ಎಲ್ಲಿ ಎಂದು ಕೇಳುತ್ತಿದ್ದರು, ಮನೆ ಮಾಲೀಕರು ಮಕ್ಕಳು ಯಾವ ಶಾಲೆ ಎಂದು ಕೇಳುತ್ತಿದ್ದರು. ಎರಡೂ ಇಲ್ಲ ಎಂದರೆ ಎರಡೂ ಕಡೆ ಬಾಗಿಲು ಮುಚ್ಚುತ್ತಿತ್ತು. ಪ್ರಶಾಂತನಿಗೆ ತೆಲುಗು ಬಾರದು ಎಂದು ಒಂದು ಶಾಲೆ ವಾಪಸು ಕಳಿಸಿತು. ಆಷಾಢ ಬಂದರೆ ಯಾರೂ ಮನೆ ಕೊಡುವುದಿಲ್ಲ, ಬೇಗ ನೋಡಿಕೊಳ್ಳಿ ಎಂದು ಬೇರೆ ಎಲ್ಲರೂ ಹೆದರಿಸಿದರು. ಕೊನೆಗೆ ಪಟಮಟದಲ್ಲಿ ಒಂದು ಮನೆ ಸಿಕ್ಕಿತು. ಅದೇ ಬೀದಿಯ ಕೊನೆಗೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಅಬ್ಬಾ ಎಂದು ಉಸಿರು ಬಿಟ್ಟೆ.

ಮನೆಯ ಹಿಂದಿನ ಭಾಗದಲ್ಲಿ ಮಾಲೀಕರಾದ ಅನಸೂಯಮ್ಮಗಾರು ಮತ್ತು ಅವರ ಗಂಡ ಇದ್ದರು. ಮುಂದಿನ ಭಾಗ ನಮಗೆ. ದೊಡ್ಡ ಪಡಸಾಲೆ, ಎರಡು ಕೋಣೆ, ಎಲ್ಲ ಕಿಟಕಿಗೂ ಕಬ್ಬಿಣದ ಸರಳು. ಒಳಗೆ ಬರಲು ಪಕ್ಕದಲ್ಲಿ ಗ್ರಿಲ್ ಹಾಕಿದ ಒಂದು ವರಾಂಡ. ಆದರೆ ಪಡಸಾಲೆಯ ದಕ್ಷಿಣದ ಗೋಡೆಯಲ್ಲಿ ಸಾಗುವಾನಿಯ ದೊಡ್ಡ ಬಾಗಿಲುವಾಡವೊಂದು ಇತ್ತು. ಬಾಗಿಲು ಮಾತ್ರ ಇರಲಿಲ್ಲ. ಚೌಕಟ್ಟಿನೊಳಗೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದಿದ್ದರು. ಎದುರಿನ ಓಣಿ ನೇರವಾಗಿ ಆ ಬಾಗಿಲಿಗೇ ಬಂದು ಬಡಿಯುತ್ತಿತ್ತಂತೆ. ಅದು ಮನೆಗೆ ಒಳ್ಳೆಯದಲ್ಲವೆಂದು ವಾಸ್ತು ನೋಡುವವರು ಹೇಳಿ ಮುಚ್ಚಿಸಿದ್ದರು. ಹೊರಗೆ ಎತ್ತರದ ಕಂಪೌಂಡು ಗೋಡೆ ಎದ್ದಿತ್ತು. ಒಳಗೆ ಹೊಸ್ತಿಲು ಮಾತ್ರ ಹಾಗೇ ಉಳಿದಿತ್ತು.

ನಮ್ಮ ಅತ್ತೆಯವರ ಮನೆಯಲ್ಲಿ ಒಂದು ಪದ್ಧತಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿಯ ಎರಡು ಎಳೆ ಎಳೆಯಲೇಬೇಕು. "ಹೊಸ್ತಿಲಾ ಬೋಳು ಇಡಬಾರದವಾ" ಎಂದು ಮದುವೆಯಾದ ಮರುದಿನವೇ ಅತ್ತೆ ಕಲಿಸಿದ್ದರು. ದೇವರನ್ನು ನಂಬದಿದ್ದರೂ ಅತ್ತೆಯನ್ನು ನಂಬಬೇಕಲ್ಲ. ವರಾಂಡದ ಹೊಸ್ತಿಲಿಗೆ ಹಚ್ಚಿದ ಕೈ ಆ ಮುಚ್ಚಿದ ಬಾಗಿಲಿನ ಹೊಸ್ತಿಲಿಗೂ ಹೋಯಿತು. ಬಾಗಿಲಿದ್ದರೇನು, ಇಲ್ಲದಿದ್ದರೇನು, ಹೊಸ್ತಿಲು ಹೊಸ್ತಿಲೇ ಎಂದುಕೊಂಡೆ. ಅನಸೂಯಮ್ಮಗಾರು ನಮ್ಮ ಪಡಸಾಲೆಗೆ ಬಂದವರೇ ಅಲ್ಲ. ಹಾಗಾಗಿ ನಾನು ಹೀಗೆ ಮಾಡುತ್ತಿರುವುದು ಅವರಿಗೆ ತಿಳಿಯಲಿಲ್ಲ.

ಯಜಮಾನರು ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ದಿನ ದೂಡುತ್ತಿದ್ದರು. ಪ್ರಶಾಂತನಿಗೆ ಕ್ರಿಕೆಟ್ ಸಿಕ್ಕಿತು, ಕ್ರಿಕೆಟಿಗೆ ಭಾಷೆ ಬೇಡ. ಸಿಕ್ಕಿಬಿದ್ದವರು ನಾನು ಮತ್ತು ನಂದಿನಿ. ತರಕಾರಿಯವಳ ಹತ್ತಿರ ನಾನು ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದೆ. ನಂದಿನಿಗೆ ಬೆರಳು ತೋರಿಸುವುದೂ ಆಗಲಿಲ್ಲ. ಶಾಲೆಯಲ್ಲಿ ಬಾಯಿ ಬಿಡಲೇ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಊರಲ್ಲಿ ಪಟಪಟ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗು. ಮೊದಲ ತಿಂಗಳೇ ಒಂದು ದಿನ ಮನೆಯ ಗೇಟು ದಾಟಿ ಹೋಗಿಬಿಟ್ಟಿದ್ದಳು. ಬೆಂಜ್ ಸರ್ಕಲ್ ಕಡೆಯ ರಸ್ತೆಯಲ್ಲಿ, ಲಾರಿಗಳ ನಡುವೆ, ಯಾರೋ ಪುಣ್ಯಾತ್ಮರು ಹಿಡಿದು ಕರೆತಂದರು. ಎಲ್ಲಿಗೆ ಹೊಂಟಿದ್ದಿ ಎಂದು ಕೇಳಿದರೆ, "ಧಾರವಾಡಕ್ಕ, ಅಜ್ಜಿ ಮನಿಗೆ" ಎಂದಳು. ಅಂದಿನಿಂದ ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಮಗಳನ್ನು ಕೂಡಿಹಾಕಿ ನಾನೂ ಕೂಡಿಹಾಕಿಕೊಂಡೆ. ಮಧ್ಯಾಹ್ನಗಳಲ್ಲಿ ಆ ಸರಳುಗಳನ್ನು ನೋಡುತ್ತ ಎಷ್ಟು ಸಲ ಅತ್ತಿದ್ದೇನೋ.

ಬರಬರುತ್ತ ನಂದಿನಿ ಮನೆಯಲ್ಲೂ ಮಾತು ಬಿಟ್ಟಳು. ಶಾಲೆಯಿಂದ ಬಂದವಳೇ ಆ ಮುಚ್ಚಿದ ಬಾಗಿಲಿನ ಹೊಸ್ತಿಲ ಮೇಲೆ, ಇಟ್ಟಿಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹೊಸ್ತಿಲ ಮೇಲೆ ಕೂಡಬಾರದು ಎಂದು ಎಬ್ಬಿಸಿದರೆ ಏಳುವಳು, ನಾನು ಆಚೆ ಹೋದರೆ ಮತ್ತೆ ಅಲ್ಲಿಯೇ. "ಅವ್ವಾ, ಈ ಬಾಗಲಾ ಯಾಕ ಮುಚ್ಯಾರ?" ಎಂದು ಒಮ್ಮೆ ಕೇಳಿದ್ದಳು. ಆ ವಾರದಲ್ಲಿ ಅವಳು ಆಡಿದ ಮಾತು ಬಹುಶಃ ಅದೊಂದೇ.

ದಸರೆಯ ರಜೆ ಮುಗಿದ ಮೇಲೆ ಹೆಡ್‌ಮಿಸ್ಟ್ರೆಸ್ ಕರೆಸಿದರು. ಸೋಮವಾರ ಮೌಖಿಕ ಪರೀಕ್ಷೆ. ಅಂದೂ ಬಾಯಿ ಬಿಡದಿದ್ದರೆ ಮಗುವನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಬೇರೆ ರೀತಿಯ ಶಾಲೆ ನೋಡಿ ಎಂದರು. ಬೇರೆ ರೀತಿ ಎಂದರೆ ಏನು ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮನೆಗೆ ಬಂದು ಯಜಮಾನರಿಗೆ, "ನನ್ನ ಕೂಸಿಗೆ ಏನರ ಆದ್ರ ನಿಮ್ಮ ಬ್ಯಾಂಕಿಗೆ ಬಂದು ಕೂಡ್ತೀನಿ ನೋಡ್ರಿ" ಎಂದೆ. ಅವರು ಪಾಪ ಏನು ಮಾಡಿಯಾರು? ಆ ವಾರದ ಕೊನೆಗೆ ಅವರಿಗೆ ವಿಶಾಖಪಟ್ಟಣದ ಕಚೇರಿಯಲ್ಲಿ ಕೆಲಸ. ಹೋಗಲೇಬೇಕಿತ್ತು, ಹೋದರು.

ಆ ಶನಿವಾರ ಶಾಲೆ ಅರ್ಧ ದಿನ. ಪ್ರಶಾಂತ ಆಟಕ್ಕೆ ಉಳಿದುಕೊಂಡ. ನಂದಿನಿಗೆ ಉಣ್ಣಿಸಿ, ಗ್ರಿಲ್ಲಿಗೆ ಬೀಗ ಹಾಕಿ, ಪಡಸಾಲೆಯಲ್ಲಿ ಚಾಪೆ ಹಾಸಿ ಅವಳನ್ನು ಪಕ್ಕಕ್ಕೆ ಮಲಗಿಸಿಕೊಂಡೆ. "ಒಂದ ಮಾತು ಆಡು ನನ್ನ ಬಂಗಾರಾ. ಯಾವ ಮಾತಾದ್ರೂ ಆಡು" ಎಂದು ತಲೆ ಸವರುತ್ತ ಬೇಡಿಕೊಂಡೆ. ಅವಳು ಸುಮ್ಮನೆ ನನ್ನ ಬಳೆ ತಿರುವುತ್ತಿದ್ದಳು. ಕರೆಂಟು ಹೋಯಿತು, ಫ್ಯಾನು ನಿಂತಿತು. ಸೆಕೆಗೆ ಯಾವಾಗ ಕಣ್ಣು ಹತ್ತಿತೋ ತಿಳಿಯದು.

ಎಚ್ಚರವಾದಾಗ ಪಕ್ಕದಲ್ಲಿ ನಂದಿನಿ ಇರಲಿಲ್ಲ. ಗಾಬರಿಯೇನೂ ಆಗಲಿಲ್ಲ, ಹೊಸ್ತಿಲ ಮೇಲೆ ಇರುತ್ತಾಳೆ ಎಂದು ತಿರುಗಿ ನೋಡಿದೆ. ಇರಲಿಲ್ಲ. ಕೋಣೆ, ಬಚ್ಚಲು, ಅಡುಗೆಮನೆ, ಮಂಚದ ಕೆಳಗೆ, ಎಲ್ಲಿಯೂ ಇಲ್ಲ. ಓಡಿ ಗ್ರಿಲ್ ಹಿಡಿದು ಜಗ್ಗಿದೆ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಸೆರಗಿನ ಗಂಟು ಮುಟ್ಟಿದೆ, ಕೀಲಿ ಅಲ್ಲಿಯೇ. ಮುಚ್ಚಿದ ಮನೆಯಿಂದ ಮಗು ಎಲ್ಲಿ ಹೋಗಲು ಸಾಧ್ಯ?

ಆಗ ನಗು ಕೇಳಿಸಿತು. ನಂದಿನಿಯದೇ ನಗು, ತಿಂಗಳುಗಳಿಂದ ಕೇಳದಿದ್ದ ನಗು. ಇಟ್ಟಿಗೆ ಗೋಡೆಯ ಆಚೆಯಿಂದ ಬರುತ್ತಿತ್ತು. ಹತ್ತಿರ ಹೋಗಿ ಗೋಡೆಗೆ ಕಿವಿ ಇಟ್ಟೆ. ಮಗು ಮಾತಾಡುತ್ತಿದ್ದಳು. ಒಂದೇ ಸಮನೆ, ತಡವರಿಸದೆ, ತೆಲುಗಿನಲ್ಲಿ. ಸ್ವಲ್ಪ ಮಾತಾಡಿ, ನಿಲ್ಲಿಸಿ, ಯಾರದೋ ಉತ್ತರ ಕೇಳಿಸಿಕೊಂಡ ಹಾಗೆ ನಕ್ಕು, ಮತ್ತೆ ಮಾತಾಡುತ್ತಿದ್ದಳು. ಆ ಇನ್ನೊಬ್ಬರ ದನಿ ನನಗೆ ಕೇಳಿಸಲಿಲ್ಲ. "ನಂದೂ" ಎಂದು ಕೂಗಿದೆ. ಮಾತು ನಿಂತಿತು.

ಬೀಗ ತೆಗೆದು ಹಿಂದಿನ ಮನೆಗೆ ಓಡಿ, ಅನಸೂಯಮ್ಮಗಾರನ್ನು ಕೈ ಹಿಡಿದೇ ಎಳೆದುಕೊಂಡು ಬಂದೆ. ಮನೆಯ ದಕ್ಷಿಣದ ಗೋಡೆಗೂ ಕಂಪೌಂಡಿಗೂ ನಡುವೆ ಒಂದು ಇಕ್ಕಟ್ಟಾದ ಜಾಗ. ಅದರ ಒಂದು ತುದಿ ಪೂರಾ ಗೋಡೆ, ಇನ್ನೊಂದು ತುದಿಗೆ ತಗಡಿನ ಬಾಗಿಲು. ಬೀಗ ತುಕ್ಕು ಹಿಡಿದು ಕೀಲಿ ತಿರುಗಲೇ ಇಲ್ಲ. ಕೊನೆಗೆ ಒರಳಿನ ಗುಂಡುಕಲ್ಲು ತಂದು ಬಡಿದು ಮುರಿದೆವು. ಒಳಗೆ ಮೊಳಕಾಲುದ್ದ ಕಸ, ಮುಳ್ಳು. ಅದರ ನಡುವೆ, ಮುಚ್ಚಿದ ಬಾಗಿಲಿನ ಹೊರಗಡೆಗೆ, ಬರಿ ನೆಲದ ಮೇಲೆ ನಂದಿನಿ ಕಾಲು ಚಾಚಿ ಕೂತಿದ್ದಳು. ಮೈಮೇಲೆ ಒಂದು ಗೀರು ಇರಲಿಲ್ಲ. ಎರಡೂ ಪಾದಗಳಿಗೆ ಹಸಿ ಅರಿಶಿನ ಹಚ್ಚಿತ್ತು. ಬೆರಳ ಸಂದಿ ಬಿಡದೆ, ಹಿಮ್ಮಡಿಯವರೆಗೆ, ಕೈ ಪಳಗಿದ ಹೆಂಗಸರು ಹಚ್ಚುವ ಹಾಗೆ. ಇನ್ನೂ ಒಣಗಿರಲಿಲ್ಲ.

ನಾನು ಅವಳನ್ನು ಎತ್ತಿ ಅಪ್ಪಿಕೊಂಡೆ. ಅವಳು ನನ್ನ ಹೆಗಲ ಮೇಲಿಂದ ಅನಸೂಯಮ್ಮಗಾರನ್ನು ನೋಡಿ, "ಅರುಗು ಮೀದ ಕೂರ್ಚುನ್ನಾಂ. ಮಾಮ್ಮ ಪಸುಪು ರಾಸಿಂದಿ" ಎಂದಳು. ಜಗಲಿಯ ಮೇಲೆ ಕೂತಿದ್ದೆವು, ಅಜ್ಜಿ ಅರಿಶಿನ ಹಚ್ಚಿದಳು ಎಂದು ಅದರ ಅರ್ಥ. ಅಲ್ಲಿ ಜಗಲಿಯಾಗಲಿ ಅಜ್ಜಿಯಾಗಲಿ ಇರಲಿಲ್ಲ. ಹುಲ್ಲಿನ ಗಾಡಿಗಳು ಹೋಗುವುದನ್ನು ನೋಡಿದೆವು ಎಂದೂ ಹೇಳಿದಳು. ಎದುರಿಗೆ ಇದ್ದದ್ದು ಆಳೆತ್ತರದ ಗೋಡೆ.

ಅನಸೂಯಮ್ಮಗಾರು ಆ ಕಸ ದಾಟಿಕೊಂಡು ನೇರವಾಗಿ ನಮ್ಮ ಪಡಸಾಲೆಗೆ ಬಂದು ಹೊಸ್ತಿಲನ್ನು ನೋಡಿದರು. "ಮೂಸೇಸಿನ ಗಡಪಕಿ ಪಸುಪು ರಾಸಾರಾ ಅಮ್ಮಾ?" ಎಂದು ಕೇಳಿದರು. ಮುಚ್ಚಿದ ಹೊಸ್ತಿಲಿಗೆ ಅರಿಶಿನ ಹಚ್ಚಿದಿರಾ? ಹಚ್ಚಿದರೆ ಹೋದವರನ್ನು ಕರೆದ ಹಾಗಲ್ಲವೇ ಎಂದರು. ಅವರ ತೆಲುಗು, ಹರಕುಮುರುಕು ಹಿಂದಿ, ಕೈಸನ್ನೆ ಎಲ್ಲ ಸೇರಿ ನನಗೆ ತಿಳಿದದ್ದು ಇಷ್ಟು. ಆ ಬಾಗಿಲಿನ ಹೊರಗೆ ಮೊದಲು ಜಗಲಿ ಇತ್ತು. ಅವರ ಅತ್ತೆ ಪ್ರತಿ ಮಧ್ಯಾಹ್ನ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಅಲ್ಲಿ ಕೂರುತ್ತಿದ್ದರು. ಓಣಿಯಲ್ಲಿ ಹೋಗುವ ಹೆಣ್ಣುಮಕ್ಕಳನ್ನು ಕರೆದು, ಕಾಲಿಗೆ ಹಚ್ಚಿ, ಊರ ಮಾತೆಲ್ಲ ಆಡಿ ಕಳಿಸುತ್ತಿದ್ದರು. ವಾಸ್ತುವಿಗೆಂದು ಬಾಗಿಲು ಮುಚ್ಚಿ ಜಗಲಿ ಒಡೆದಾಗ ಆಕೆ ಇನ್ನೂ ಬದುಕಿದ್ದರು. ಆಮೇಲೂ ಅದೇ ಹೊಸ್ತಿಲ ಮೇಲೆ, ಇಟ್ಟಿಗೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ಯಾರೊಡನೆಯೂ ಮಾತಿಲ್ಲ. ಹಾಗೇ ಹೋದರು. ಇದನ್ನು ಹೇಳುವಾಗ ಅನಸೂಯಮ್ಮಗಾರು ನಂದಿನಿಯ ಪಾದಗಳನ್ನು ಹಿಡಿದುಕೊಂಡು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ.

ಸೋಮವಾರ ನಂದಿನಿ ಪರೀಕ್ಷೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಇಂಗ್ಲಿಷಿನದಕ್ಕೆ ಇಂಗ್ಲಿಷಿನಲ್ಲಿ, ಉಳಿದದ್ದಕ್ಕೆ ತೆಲುಗಿನಲ್ಲಿ. ಹೆಡ್‌ಮಿಸ್ಟ್ರೆಸ್ ನನ್ನ ಕೈ ಕುಲುಕಿದರು. ಯಜಮಾನರು ವಿಶಾಖಪಟ್ಟಣದಿಂದ ಬಂದು ಎಲ್ಲ ಕೇಳಿ, "ನೀ ನಿದ್ದಿಗಣ್ಣಾಗ ಬೀಗಾ ಹಾಕಿರಲಿಕ್ಕಿಲ್ಲ ತಗೋ. ಎದ್ದ ಮ್ಯಾಲೆ ಗಾಬರ್ಯಾಗಿ ಹಾಕಿದ್ದಿ" ಎಂದರು. ಮಕ್ಕಳು ಹೊಸ ಭಾಷೆಯನ್ನು ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಂಡು ಒಮ್ಮೆಲೇ ಆಡುವುದುಂಟು ಎಂದು ಡಾಕ್ಟರು ಹೇಳಿದರು. ಇರಬಹುದು, ಮಾತಿನ ವಿಷಯಕ್ಕೆ ಒಪ್ಪುತ್ತೇನೆ. ಆದರೆ ತಗಡಿನ ಬಾಗಿಲಿನ ಆ ತುಕ್ಕು ಬೀಗವನ್ನು ಬಡಿದು ಮುರಿದವಳು ನಾನೇ. ಅರಿಶಿನ ನನ್ನ ಸೀರೆಗೂ ಹತ್ತಿತ್ತು. ಒಗೆದರೂ ಹೋಗಲಿಲ್ಲ.

ಒಂದು ಸಂಕಟ ಮಾತ್ರ ನನಗೆ ಉಳಿಯಿತು. ಅಂದಿನಿಂದ ನಂದಿನಿ ಮನೆಯಲ್ಲೂ ತೆಲುಗಿನಲ್ಲೇ ಉತ್ತರ ಕೊಡತೊಡಗಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತೆಲುಗಿನಲ್ಲಿ ಹೇಳುವುದು. ಯಾವ ಮಾತಾದರೂ ಆಡು ಎಂದು ಬೇಡಿಕೊಂಡವಳು ನಾನೇ ಅಲ್ಲವೇ? ಈಗ ಅವಳು ತೆಲುಗಿನವರ ಮನೆ ಸೇರಿ ವಿಶಾಖಪಟ್ಟಣದಲ್ಲಿದ್ದಾಳೆ. ಆ ಮಧ್ಯಾಹ್ನದ್ದು ಏನೂ ನೆನಪಿಲ್ಲ ಎನ್ನುತ್ತಾಳೆ. ಆದರೆ ಅವಳ ಅತ್ತೆ ಒಮ್ಮೆ ನನ್ನನ್ನು ಕೇಳಿದರು, ನಿಮ್ಮ ಹುಡುಗಿಗೆ ಈ ಹಳೆಯ ಕಾಲದ ತೆಲುಗು ಯಾರು ಕಲಿಸಿದ್ದು, ನಮ್ಮ ಅಜ್ಜಿ ಆಡುತ್ತಿದ್ದ ಮಾತುಗಳು ಇವಳ ಬಾಯಲ್ಲಿ ಬರುತ್ತವೆ ಎಂದು. ಶಾಲೆಯಲ್ಲಿ ಕಲಿತಿರಬೇಕು ಎಂದೆ. ಬೇರೆ ಏನು ಹೇಳಲಿ?

ಆ ಮನೆಯಲ್ಲಿ ನಾವು ಇನ್ನೂ ಕೆಲವು ವರ್ಷ ಇದ್ದೆವು. ಅರಿಶಿನ ಹಚ್ಚುವುದನ್ನು ನಾನು ಬಿಡಲಿಲ್ಲ. ಬಿಡಬೇಡಿ ಎಂದು ಅನಸೂಯಮ್ಮಗಾರೇ ಕೇಳಿಕೊಂಡರು. ಹುಬ್ಬಳ್ಳಿಗೆ ಮರಳಿ ವರ್ಗವಾಗಿ ಹೊರಟ ದಿನ, ಸಾಮಾನೆಲ್ಲ ಲಾರಿಗೆ ಏರಿದ ಮೇಲೆ, ನಂದಿನಿಯನ್ನು ಕರೆಯಲು ಖಾಲಿ ಪಡಸಾಲೆಗೆ ಹೋದೆ. ಅವಳು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದಳು. ಬಗ್ಗಿ ಹೊಸ್ತಿಲು ಮುಟ್ಟಿ, "ವೆಳ್ಳೊಸ್ತಾನು ಮಾಮ್ಮಾ" ಎಂದಳು. ಹೋಗಿ ಬರುತ್ತೇನೆ ಅಜ್ಜಿ ಎಂದು. ಹಾಗೆಂದು ಕೂಡಲೇ ತಿರುಗಲಿಲ್ಲ. ದೊಡ್ಡವರು ಏನೋ ಬುದ್ಧಿ ಹೇಳುತ್ತಿದ್ದರೆ ಮಕ್ಕಳು ನಿಲ್ಲುವ ಹಾಗೆ, ತಲೆ ಬಗ್ಗಿಸಿ ನಿಂತು, ಹೂಂ ಹೂಂ ಎಂದು ತಲೆ ಆಡಿಸಿ, ಆಮೇಲೆ ನನ್ನ ಕೈ ಹಿಡಿದಳು. ನಾನು ಅಲ್ಲಿಯೇ ನಿಂತಿದ್ದೆ, ಉಸಿರು ಹಿಡಿದು ಕೇಳಿಸಿಕೊಂಡೆ. ನನಗೆ ಏನೂ ಕೇಳಿಸಲಿಲ್ಲ.